ದೆಹಲಿಗೆ ಹೊರಟ ಮಕ್ಕಳಿಗೆ: ಪೊಲೀಸ್ ಎದುರಾದಾಗ ನೆನಪಿರಬೇಕಾದ 43 ದಿನಗಳು

ಕಲಬುರಗಿ ಸ್ಟೇಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿಸುವಾಗ ಮನೆಯವರು ಮಕ್ಕಳಿಗೆ ಏನೇನೋ ಹೇಳ್ತಾರೆ. ಊಟ ಬಿಡಬೇಡ, ಚಳಿಗೆ ಸ್ವೆಟರ್ ಹಾಕ್ಕೋ, ನಮಾಜ್ ತಪ್ಪಿಸಬೇಡ. ಇದರ ನಡುವೆ ಒಂದು ಮಾತು ಮಾತ್ರ ದನಿ ತಗ್ಗಿಸಿ ಬರುತ್ತದೆ: "ಪೊಲೀಸರ ಗೊಡವೆ ಬೇಡ ಬೇಟಾ. ಗಲಾಟೆ ಕಂಡ್ರೆ ಬೇರೆ ದಾರಿ ಹಿಡಿ. ಹೆಸರು ಕೇಳಿದ್ರೆ ಸಮಾಧಾನವಾಗಿ ಹೇಳು." ಮಗ ಜಾಮಿಯಾಕ್ಕೋ ಜೆಎನ್‌ಯುಗೋ ಓದಲು ಹೊರಟಿರಬಹುದು, ಮಗಳು ನೋಯ್ಡಾದ ಕಂಪನಿಗೆ ಕೆಲಸಕ್ಕೆ ಹೊರಟಿರಬಹುದು. ಮಂಗಳೂರಿನ ಉಮ್ಮನಾಗಲಿ, ಭಟ್ಕಳದ ಅಮ್ಮಿಯಾಗಲಿ, ಈ ಮಾತು ತಪ್ಪುವುದಿಲ್ಲ.

ಅಮೆರಿಕದ ಕಪ್ಪು ಜನರ ಮನೆಗಳಲ್ಲೂ ಮಕ್ಕಳು ಬೆಳೆದು ಹೊರಗೆ ಓಡಾಡತೊಡಗಿದಾಗ ಇಂಥದ್ದೇ ಒಂದು ಪಾಠ ನಡೆಯುತ್ತದೆ. ಅದಕ್ಕೆ ಅವರು ಸುಮ್ಮನೆ 'ದಿ ಟಾಕ್' ಅಂತಾರೆ. ಕೈ ಕಾಣುವಂತೆ ಇಡು, ಓಡಬೇಡ, ಎದುರು ಮಾತಾಡಬೇಡ, ಜೀವಂತ ಮನೆಗೆ ಬಾ. ನಮ್ಮ ಮನೆಗಳ ಮಾತಿಗೆ ಹೆಸರಿಲ್ಲ, ಅಷ್ಟೇ ವ್ಯತ್ಯಾಸ. ಆದರೆ "ಹುಷಾರಾಗಿರು" ಅನ್ನುವುದರಿಂದ ಮಾತ್ರ ಏನೂ ಆಗುವುದಿಲ್ಲ. ಯಾವುದರಲ್ಲಿ ಹುಷಾರು, ಯಾಕೆ ಹುಷಾರು ಎಂದು ತಿಳಿಯದವನಿಗೆ ಅದು ಬರೀ ಭಯವಾಗಿ ಉಳಿಯುತ್ತದೆ. ಆ ಎರಡನ್ನು ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇನೆ.

ನಮ್ಮದೇ ಊರಿನ ಒಂದು ಪ್ರಕರಣದಿಂದ ಶುರು ಮಾಡೋಣ.

ಕಲಬುರಗಿಯ ನಿಸಾರುದ್ದೀನ್ ಅಹ್ಮದ್ ಫಾರ್ಮಸಿ ವಿದ್ಯಾರ್ಥಿಯಾಗಿದ್ದರು. 1994ರ ಜನವರಿ 15ರಂದು ಪೊಲೀಸರು ತಮ್ಮನ್ನು ಎತ್ತಿಕೊಂಡು ಹೋದರು ಎಂದು ಅವರು ಹೇಳಿದ್ದಾರೆ. ಆದರೆ ಅವರ ಬಂಧನ ಮೊದಲ ಸಲ ಸರ್ಕಾರಿ ಕಾಗದದಲ್ಲಿ ಕಾಣಿಸಿಕೊಂಡಿದ್ದು ಫೆಬ್ರವರಿ 28ರಂದು, ಹೊಸದಿಲ್ಲಿಯ ನ್ಯಾಯಾಲಯವೊಂದರಲ್ಲಿ. ನಡುವೆ 43 ದಿನ. ಆ 43 ದಿನ ಹುಡುಗ ಎಲ್ಲಿದ್ದಾನೆಂದು ಮನೆಯವರಿಗೆ ಗೊತ್ತಿರಲಿಲ್ಲ. 1993ರ ಡಿಸೆಂಬರಿನ ರೈಲು ಸ್ಫೋಟಗಳ ಪ್ರಕರಣದಲ್ಲಿ ಅವರನ್ನೂ ಅವರ ಸಹೋದರನನ್ನೂ ಸೇರಿಸಲಾಯಿತು. ಪೊಲೀಸ್ ವಶದಲ್ಲಿದ್ದಾಗ ಟಾಡಾ ಕಾಯ್ದೆಯಡಿ ಬರೆಸಿಕೊಂಡ ತಪ್ಪೊಪ್ಪಿಗೆಯೇ ಅವರ ವಿರುದ್ಧದ ಮುಖ್ಯ ಸಾಕ್ಷ್ಯ. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ತಪ್ಪೊಪ್ಪಿಗೆ ನಿಲ್ಲುವುದಿಲ್ಲ ಎಂದು ಅವರನ್ನು ಖುಲಾಸೆ ಮಾಡಿತು. ಜೈಪುರ ಜೈಲಿನಿಂದ ಹೊರಬಂದಾಗ 22 ವರ್ಷಕ್ಕೂ ಹೆಚ್ಚು ಕಾಲ ಕಳೆದುಹೋಗಿತ್ತು. ತಂದೆ ತೀರಿಕೊಂಡಿದ್ದರು.

ಈ ಕಥೆಯನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ. ಇದರಲ್ಲಿ ಗಮನಿಸಬೇಕಾದ್ದು ಆ 43 ದಿನ. ಕಾನೂನು ಅಂದೂ 24 ಗಂಟೆ ಎಂದೇ ಹೇಳುತ್ತಿತ್ತು. ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿತನನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬರೆಯದೆ ಬಿಟ್ಟ ದಿನಗಳಲ್ಲಿ ಏನು ಬೇಕಾದರೂ ಬರೆಸಿಕೊಳ್ಳಬಹುದು, ಅಪಾಯ ಇರುವುದು ಅಲ್ಲಿ. ಹಳೆ ದಿಲ್ಲಿಯ ಮೊಹಮ್ಮದ್ ಆಮಿರ್ ಖಾನರದ್ದೂ ಇದೇ ಕಥೆ. 1998ರ ಫೆಬ್ರವರಿ 20ರಂದು ತನ್ನನ್ನು ರಸ್ತೆಯಿಂದ ಎತ್ತಿಕೊಂಡು ಹೋದರು, ಬಂಧನವನ್ನು ತೋರಿಸಿದ್ದು ಒಂದು ವಾರದ ನಂತರ ಎಂದು ಅವರು ಹೇಳುತ್ತಾರೆ. ಆಗ ವಯಸ್ಸು 20. ತಲೆ ಮೇಲೆ 19 ಪ್ರಕರಣ. 2012ರ ಜನವರಿಯಲ್ಲಿ ಹೊರಬರುವಷ್ಟರಲ್ಲಿ ಸುಮಾರು 14 ವರ್ಷ ಜೈಲಿನಲ್ಲಿ ಕಳೆದಿದ್ದರು.

ಹಾಗಾಗಿ ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನಿಮ್ಮನ್ನು ಕಾಪಾಡುವುದು ನಿಮ್ಮ ಧೈರ್ಯವೂ ಅಲ್ಲ, ನಿಮ್ಮ ವಿನಯವೂ ಅಲ್ಲ. ನೀವು ಎಲ್ಲಿದ್ದೀರಿ ಅನ್ನುವುದು ಬರಹದಲ್ಲಿ ಇರಬೇಕು ಮತ್ತು ಇನ್ನೊಬ್ಬರಿಗೆ ಗೊತ್ತಿರಬೇಕು. ದಾಖಲೆ ಮತ್ತು ಸಾಕ್ಷಿ. ಉಳಿದದ್ದೆಲ್ಲ ಆಮೇಲೆ.

ಭಯ ಸುಳ್ಳಲ್ಲ

"ತಪ್ಪು ಮಾಡದವನಿಗೆ ಯಾಕೆ ಹೆದರಿಕೆ?" ಎಂದು ಕೇಳುವವರಿದ್ದಾರೆ. ನಿಮ್ಮ ಕ್ಲಾಸಿನಲ್ಲೂ ಇರ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಅಂಕಿ ತೋರಿಸಿ. 'ಕಾಮನ್ ಕಾಸ್' ಸಂಸ್ಥೆ ಮತ್ತು ದೆಹಲಿಯ ಸಿಎಸ್‌ಡಿಎಸ್ ಸೇರಿ 2019ರಲ್ಲಿ ಒಂದು ವರದಿ ಪ್ರಕಟಿಸಿದವು. 21 ರಾಜ್ಯಗಳ ಸುಮಾರು 12,000 ಪೊಲೀಸ್ ಸಿಬ್ಬಂದಿಯನ್ನು ಮಾತಾಡಿಸಿ ಮಾಡಿದ ಸಮೀಕ್ಷೆ ಅದು. ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆ ವಾಲುವವರು ಎಂದು ಹೆಚ್ಚೋ ಕಡಿಮೆಯೋ ಒಪ್ಪಿದವರು ಇಬ್ಬರಲ್ಲಿ ಒಬ್ಬರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2019ರ ಅಂಕಿ ಪ್ರಕಾರ ದೇಶದ ವಿಚಾರಣಾಧೀನ ಕೈದಿಗಳಲ್ಲಿ ಮುಸ್ಲಿಮರು ಶೇ. 18.7. 2011ರ ಜನಗಣತಿಯಲ್ಲಿ ನಮ್ಮ ಪಾಲು ಶೇ. 14.2. ತಪ್ಪಿತಸ್ಥರೆಂದು ತೀರ್ಪಾದವರಲ್ಲಿ ಅದೇ ವರ್ಷ ಶೇ. 16.6.

ಇದೇ ಸಮೀಕ್ಷೆಯನ್ನು ತಿರುಗಿಸಿಯೂ ಓದಬೇಕು. ಇಬ್ಬರಲ್ಲಿ ಒಬ್ಬರು ಹಾಗೆ ಹೇಳಲಿಲ್ಲ. ನಿಮ್ಮನ್ನು ನಿಲ್ಲಿಸುವ ಕಾನ್‌ಸ್ಟೇಬಲ್ ಯಾವ ಗುಂಪಿನವನು ಎಂದು ನಿಮಗೆ ಗೊತ್ತಿಲ್ಲ. ಹಾಗಾಗಿ ಎಲ್ಲರನ್ನೂ ಶತ್ರು ಎಂದುಕೊಳ್ಳುವುದು ಅನ್ಯಾಯವೂ ಹೌದು, ದಡ್ಡತನವೂ ಹೌದು. ಆ ಕಾನ್‌ಸ್ಟೇಬಲ್ಲೂ ಹನ್ನೆರಡು ಗಂಟೆ ನಿಂತು ದಣಿದವನೇ ಇರಬಹುದು.

ದೆಹಲಿಯಲ್ಲಿ ಪೊಲೀಸ್ ಮತ್ತು ರಾಜಕೀಯದ ನಂಟು ನಮ್ಮ ರಾಜ್ಯಕ್ಕಿಂತ ಬೇರೆ ಥರ. ದೆಹಲಿ ಪೊಲೀಸರು ಅಲ್ಲಿನ ಮುಖ್ಯಮಂತ್ರಿಯ ಕೈಕೆಳಗಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಕೆಳಗಿದ್ದಾರೆ. ಅಂದರೆ ನೀವು ವೋಟು ಹಾಕುವ ಶಾಸಕನಿಗೆ ಠಾಣೆಯ ಮೇಲೆ ಹಿಡಿತವಿಲ್ಲ. ಇನ್ನು ಬ್ಲೂ ಲೈನ್ ಮೆಟ್ರೋದಲ್ಲಿ ಯಮುನೆ ದಾಟಿ ನೋಯ್ಡಾ ಸೇರಿದರೆ ಅದು ಉತ್ತರ ಪ್ರದೇಶ ಪೊಲೀಸ್. ಯೆಲ್ಲೋ ಲೈನ್ ಹಿಡಿದು ಗುರುಗ್ರಾಮಕ್ಕೆ ಹೋದರೆ ಹರಿಯಾಣ ಪೊಲೀಸ್. ಮೆಟ್ರೋ ಒಳಗೆ ಚೀಲ ನೋಡುವವರು ಸಿಐಎಸ್‌ಎಫ್. ಒಂದೇ ಊರು ಅನ್ನಿಸುವ ಎನ್‌ಸಿಆರ್‌ನಲ್ಲಿ ಮೂರು ರಾಜ್ಯಗಳ ಖಾಕಿ. ಇದು ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ನಮ್ಮದೊಂದೇ ಗೋಳಲ್ಲ

ಈ ನಗರದಲ್ಲಿ ಅನುಮಾನ ಹೆಸರಿಗೆ ಮಾತ್ರ ಅಂಟಿಕೊಂಡಿಲ್ಲ, ಮುಖಕ್ಕೂ ಬಣ್ಣಕ್ಕೂ ಭಾಷೆಗೂ ಅಂಟಿಕೊಂಡಿದೆ. 2014ರ ಜನವರಿಯಲ್ಲಿ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾನ ರೂಪವನ್ನು ಗೇಲಿ ಮಾಡಿ ಹೊಡೆದರು, ಹುಡುಗ ಸತ್ತ. ಅದೇ ತಿಂಗಳು ಖಿಡ್ಕಿ ಎಕ್ಸ್‌ಟೆನ್ಷನ್ನಿನಲ್ಲಿ ಆಗಿನ ದೆಹಲಿಯ ಕಾನೂನು ಸಚಿವರೇ ಜನರನ್ನು ಕಟ್ಟಿಕೊಂಡು ಆಫ್ರಿಕನ್ ಮಹಿಳೆಯರ ಮನೆಗಳತ್ತ ರಾತ್ರಿ ಹೋದರು. 2017ರ ಮಾರ್ಚಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆಫ್ರಿಕನ್ ವಿದ್ಯಾರ್ಥಿಗಳ ಮೇಲೆ ಗುಂಪು ಬಿತ್ತು. 2025ರ ಜುಲೈಯಲ್ಲಿ ಗುರುಗ್ರಾಮದಲ್ಲಿ ಬಂಗಾಳಿ ಮಾತಾಡುವ ಕೂಲಿಕಾರರನ್ನು ಪೌರತ್ವ ಪರೀಕ್ಷೆಗೆಂದು ಹಿಡಿದು ಕೂರಿಸಿದರು.

ಇಲ್ಲಿ ಕಲಿಯಬೇಕಾದ್ದೂ ಇದೆ. ನಿಡೋ ಸಾವಿನ ನಂತರ ಈಶಾನ್ಯದ ವಿದ್ಯಾರ್ಥಿಗಳು ಬೀದಿಗೆ ಬಂದರು, ಬೆಜ್‌ಬರುವಾ ಸಮಿತಿ ರಚನೆಯಾಯಿತು. ಇಂದು ದೆಹಲಿ ಪೊಲೀಸ್‌ನಲ್ಲಿ ಈಶಾನ್ಯದವರಿಗಾಗಿಯೇ ಪ್ರತ್ಯೇಕ ಘಟಕ ಇದೆ, 1093 ಎಂಬ ಸಹಾಯವಾಣಿ ಇದೆ. ಎಲ್ಲ ಸರಿಹೋಯಿತು ಎಂದಲ್ಲ. ಆದರೆ ಒಬ್ಬೊಬ್ಬರೇ ಹುಷಾರಾಗಿದ್ದರೆ ಇದು ಸಿಗುತ್ತಿರಲಿಲ್ಲ. ಒಟ್ಟಾಗಿ ಕೇಳಿದ್ದಕ್ಕೆ ಸಿಕ್ಕಿತು.

ರಸ್ತೆಯಲ್ಲಿ ನಿಲ್ಲಿಸಿದರೆ

ಈಗ ಕೆಲಸದ ಮಾತಿಗೆ ಬರೋಣ. ನಿಲ್ಲಿ. ಓಡಬೇಡಿ. ಹೆಸರು, ವಿಳಾಸ ಕೇಳಿದರೆ ನಿಜ ಹೇಳಿ. ಹೆಸರು ಮುಚ್ಚಿಡಬೇಕು, ಬೇರೆ ಹೆಸರು ಹೇಳಿ ತಪ್ಪಿಸಿಕೊಳ್ಳಬೇಕು ಅನ್ನಿಸುವ ಗಳಿಗೆ ಬರುತ್ತದೆ. ಬೇಡ. ಹೆಸರು ವಿಳಾಸ ಕೊಡಲು ನಿರಾಕರಿಸಿದರೆ ಅಥವಾ ಸುಳ್ಳು ಕೊಟ್ಟರೆ, ಸಣ್ಣ ಆರೋಪಕ್ಕೂ ಬಂಧಿಸಲು ಕಾನೂನಿನಲ್ಲಿ ದಾರಿಯಿದೆ. ಒಂದು ಸುಳ್ಳು ಹೇಳಿದರೆ ಇಲ್ಲದ ಅನುಮಾನಕ್ಕೆ ನೀವೇ ಆಧಾರ ಒದಗಿಸಿದಂತೆ.

ಗುರುತಿನ ಚೀಟಿ, ಕಾಲೇಜು ಕಾರ್ಡು ಕೈಗೆ ಸಿಗುವಂತಿರಲಿ. ಗಾಡಿಯ ದಾಖಲೆ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಬಾಡಿಗೆ ಮನೆ ಹಿಡಿದಾಗ ಮಾಲೀಕರು ಪೊಲೀಸ್ ಪರಿಶೀಲನೆಗೆ ಕೊಟ್ಟ ಫಾರಮಿನ ಪ್ರತಿಯನ್ನು ಕೇಳಿ ತಗೊಳ್ಳಿ. 2008ರ ಬಾಟ್ಲಾ ಹೌಸ್ ಎನ್‌ಕೌಂಟರ್ ಆದ ಮೇಲೆ ಜಾಮಿಯಾ ನಗರದ ಹುಡುಗರಿಗೆ ಬೇರೆ ಕಡೆ ಮನೆ ಸಿಗುವುದೇ ಕಷ್ಟವಾಗಿತ್ತು. ಆ ಒಂದು ಕಾಗದ ನೀವು ಅಡಗಿಕೊಂಡಿಲ್ಲ ಅನ್ನುವುದಕ್ಕೆ ಸಾಕ್ಷಿ.

ದನಿ ಏರಿಸಬೇಡಿ. ಅವನು "ತೂ" ಅಂದರೂ ನೀವು "ಸರ್" ಅನ್ನಿ. ಇದು ಗುಲಾಮಗಿರಿ ಅಲ್ಲ. ರಸ್ತೆಯಲ್ಲಿ ಪೊಲೀಸರ ಜೊತೆ ವಾದ ಗೆದ್ದವರು ಯಾರೂ ಇಲ್ಲ, ವಾದಕ್ಕೆ ಬೇರೆ ಜಾಗ ಇದೆ. ಎದೆಯ ಮೇಲಿನ ಹೆಸರು, ಗಾಡಿಯ ನಂಬರು, ಸಮಯ, ಜಾಗ ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಟ್ಟ ತಕ್ಷಣ ಬರೆದಿಡಿ. "ನಾನು ಹೋಗಬಹುದಾ ಸರ್?" ಎಂದು ಕೇಳಿ. ಹೋಗು ಅಂದರೆ ಹೋಗಿ.

ಸಿಮ್ ಕಾರ್ಡಿನ ವಿಷಯ ಬೇರೆಯಾಗಿ ಹೇಳಬೇಕು. ಮೂಡಿಗೆರೆ ಮೂಲದ ಡಾ. ಮೊಹಮ್ಮದ್ ಹನೀಫ್ ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ಮನ್ನು ಸಂಬಂಧಿಕನಿಗೆ ಕೊಟ್ಟಿದ್ದರು. 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಿದ್ದು ಅದೇ ಎಳೆ ಹಿಡಿದು. ಆರೋಪ ಬಿದ್ದುಹೋಯಿತು, ಆಸ್ಟ್ರೇಲಿಯಾ ಸರ್ಕಾರ 2010ರಲ್ಲಿ ಪರಿಹಾರವನ್ನೂ ಕೊಟ್ಟಿತು. ಅವರದ್ದು ತಪ್ಪಲ್ಲ, ಯಾರೂ ಮಾಡುವ ಉಪಕಾರ. ಆದರೂ ನಿಮ್ಮ ಹೆಸರಿನ ಸಿಮ್, ನಿಮ್ಮ ಆಧಾರ್ ಪ್ರತಿ, ನಿಮ್ಮ ಬ್ಯಾಂಕ್ ಖಾತೆ ಇನ್ನೊಬ್ಬರ ಕೈಯಲ್ಲಿ ಇರುವುದು ಬೇಡ.

ಠಾಣೆಗೆ ಕರೆದರೆ, ಹಿಡಿದರೆ

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಬಿಎನ್‌ಎಸ್‌ಎಸ್ ಅಂತಾರೆ. ಸೆಕ್ಷನ್ನುಗಳ ನಂಬರು ಬದಲಾಗಿದೆ, ಮೂಲ ಹಕ್ಕುಗಳು ಉಳಿದಿವೆ.

"ಸುಮ್ನೆ ಬಂದು ಹೋಗು, ಎರಡು ಮಾತು ಕೇಳೋದಿದೆ" ಎಂದು ಫೋನಿನಲ್ಲಿ ಕರೆದರೆ, ಬರಹದಲ್ಲಿ ನೋಟಿಸು ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಬಂಧನ ಬೇಕಿಲ್ಲದ ಕಡೆ ನೋಟಿಸು ಕೊಡುವ ಕ್ರಮ ಈಗ ಬಿಎನ್‌ಎಸ್‌ಎಸ್‌ನ 35ನೇ ಸೆಕ್ಷನ್ನಿನಲ್ಲಿದೆ. ನೋಟಿಸು ಬಂದರೆ ತಪ್ಪಿಸಬೇಡಿ, ಹೋಗಿ. ಒಬ್ಬರೇ ಹೋಗಬೇಡಿ. ಮಹಿಳೆಯರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಬರಲೇಬೇಕು ಎಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲೇ ಕೇಳಬೇಕು.

ಬಂಧಿಸಿದರೆ ಕೇಳಬೇಕಾದ್ದು ಇಷ್ಟು. ಯಾಕೆ ಬಂಧನ, ಬರಹದಲ್ಲಿ ಕೊಡಿ. 2024ರ ಮೇ 15ರಂದು ದೆಹಲಿಯ ಪತ್ರಕರ್ತ ಪ್ರಬೀರ್ ಪುರಕಾಯಸ್ಥ ಅವರ ಯುಎಪಿಎ ಬಂಧನವನ್ನು ಸುಪ್ರೀಂ ಕೋರ್ಟ್ ಅಸಿಂಧು ಎಂದಿದ್ದು ಇದೇ ಕಾರಣಕ್ಕೆ, ಕಾರಣವನ್ನು ಬರೆದು ಕೊಟ್ಟಿರಲಿಲ್ಲ. ಬಂಧನದ ಮೆಮೊ ಇರಬೇಕು, ಅದರಲ್ಲಿ ದಿನ, ಸಮಯ, ಒಬ್ಬ ಸಾಕ್ಷಿಯ ಸಹಿ ಇರಬೇಕು. ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. 1996ರ ಡಿ.ಕೆ. ಬಸು ತೀರ್ಪು ನಮ್ಮಂಥ ದೂರದವರನ್ನೂ ಮರೆತಿಲ್ಲ. ಮನೆಯವರು ಬೇರೆ ಜಿಲ್ಲೆಯಲ್ಲೋ ಹೊರಗಿನ ಊರಲ್ಲೋ ಇದ್ದರೆ, 8ರಿಂದ 12 ಗಂಟೆಯೊಳಗೆ ಆ ಊರಿನ ಠಾಣೆ ಮತ್ತು ಕಾನೂನು ನೆರವು ಸಂಸ್ಥೆಯ ಮೂಲಕ ಸುದ್ದಿ ಮುಟ್ಟಿಸಬೇಕು ಎಂದು ಅದರಲ್ಲಿದೆ. ಓಖ್ಲಾದಲ್ಲಿ ಹಿಡಿದರೆ ಕಲಬುರಗಿಗೆ ಸುದ್ದಿ ಹೋಗಬೇಕು ಅನ್ನುವುದು ಬೇಡಿಕೆ ಅಲ್ಲ, ಹಕ್ಕು.

ವೈದ್ಯರಿಂದ ಪರೀಕ್ಷೆ ಆಗಬೇಕು. ಮೈಮೇಲೆ ಏಟು ಇದ್ದರೆ ವೈದ್ಯರಿಗೂ ಹೇಳಿ, ಮ್ಯಾಜಿಸ್ಟ್ರೇಟರಿಗೂ ಹೇಳಿ. ಹೆದರಿ ಅಲ್ಲಿ ಸುಮ್ಮನಿದ್ದರೆ ಆಮೇಲೆ ನಂಬಿಸುವುದು ಬಹಳ ಕಷ್ಟ. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗಬಹುದು. ದುಡ್ಡಿಲ್ಲದಿದ್ದರೆ 15100ಕ್ಕೆ ಫೋನು ಮಾಡಿ, ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ನಂಬರು. ದೆಹಲಿಯಲ್ಲಾದರೆ 1516 ಕೂಡ ಇದೆ.

ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಿಲ್ಲ ಎಂದು ಕಾನೂನೇ ಹೇಳುತ್ತದೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕೆಂಬ ಒತ್ತಾಯವೂ ಇಲ್ಲ, ಅದು ಸಂವಿಧಾನದ 20(3)ನೇ ವಿಧಿ. ಟಾಡಾ ಹೋಗಿ ದಶಕಗಳಾದವು. ಪೊಲೀಸ್ ಮುಂದಿನ ತಪ್ಪೊಪ್ಪಿಗೆ ಸಾಮಾನ್ಯ ಕಾನೂನಿನಲ್ಲಿ ಸಾಕ್ಷ್ಯವಾಗದು, ಯುಎಪಿಎಯಲ್ಲೂ ಆಗದು. ಫೋನನ್ನು ಜಪ್ತಿ ಮಾಡಿದರೆ ಮಹಜರಿನ ಪ್ರತಿ ಕೇಳಿ. ಶೋಧ, ಜಪ್ತಿಗಳನ್ನು ವಿಡಿಯೋದಲ್ಲಿ ದಾಖಲಿಸಬೇಕು ಎಂದು ಬಿಎನ್‌ಎಸ್‌ಎಸ್‌ನ 105ನೇ ಸೆಕ್ಷನ್ ಹೇಳುತ್ತದೆ.

ಮನೆಯವರಿಗೂ ಒಂದು ಮಾತು. ಮಗ ಫೋನಿಗೆ ಸಿಗುತ್ತಿಲ್ಲ, ಯಾರೋ ಕರೆದುಕೊಂಡು ಹೋದರು ಎಂದು ಸುದ್ದಿ ಬಂದರೆ, "ಸುದ್ದಿ ಹಬ್ಬಿದರೆ ಮರ್ಯಾದೆ ಹೋಗುತ್ತದೆ" ಎಂದು ಎರಡು ದಿನ ಕಾಯಬೇಡಿ. ಆ ಎರಡು ದಿನವೇ ದೊಡ್ಡದು. ಯಾವ ಠಾಣೆ, ಯಾವ ರಾಜ್ಯ ಎಂದು ಮೊದಲು ಪತ್ತೆ ಮಾಡಿ. ಬಂಧಿತರ ಹೆಸರನ್ನು ಠಾಣೆ ಮತ್ತು ಜಿಲ್ಲಾ ಕೇಂದ್ರದಲ್ಲಿ ಪ್ರಕಟಿಸಬೇಕೆಂಬ ನಿಯಮ ಇದೆ. 24 ಗಂಟೆ ಮೀರಿದರೆ ಹೇಬಿಯಸ್ ಕಾರ್ಪಸ್ ಅರ್ಜಿ. ಮೂರು ರಾಜ್ಯಗಳ ಖಾಕಿ ಎಂದೆನಲ್ಲ, ಅದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದೆಹಲಿ ಠಾಣೆಯಾದರೆ ದೆಹಲಿ ಹೈಕೋರ್ಟ್, ನೋಯ್ಡಾ ಗಾಜಿಯಾಬಾದ್ ಆದರೆ ಅಲಹಾಬಾದ್ ಹೈಕೋರ್ಟ್, ಗುರುಗ್ರಾಮ ಫರೀದಾಬಾದ್ ಆದರೆ ಚಂಡೀಗಢದ ಹೈಕೋರ್ಟ್.

ಎಚ್ಚರಿಕೆಗೂ ಒಂದು ಮಿತಿ ಇದೆ

ಇಷ್ಟೆಲ್ಲ ಪಾಲಿಸಿದರೆ ಏನೂ ಆಗಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. 2019ರ ಡಿಸೆಂಬರ್ 15ರಂದು ಜಾಮಿಯಾ ಲೈಬ್ರರಿಯಲ್ಲಿ ಓದುತ್ತಾ ಕೂತಿದ್ದವರ ಮೇಲೂ ಲಾಠಿ ಬಿತ್ತು. 2020ರ ಫೆಬ್ರವರಿಯಲ್ಲಿ ಈಶಾನ್ಯ ದೆಹಲಿಯಲ್ಲಿ ಗಾಯಗೊಂಡು ನೆಲದ ಮೇಲೆ ಬಿದ್ದಿದ್ದ ಯುವಕರಿಂದ ಪೊಲೀಸರು ರಾಷ್ಟ್ರಗೀತೆ ಹಾಡಿಸಿದ ವಿಡಿಯೋ ನೀವು ನೋಡಿರಬಹುದು. ಅವರಲ್ಲಿ 23 ವರ್ಷದ ಒಬ್ಬ ಎರಡು ದಿನದ ನಂತರ ತೀರಿಕೊಂಡ. ಆ ಹುಡುಗ ಏನು ಎಚ್ಚರ ವಹಿಸಬೇಕಿತ್ತು? ಹೇಳಲು ನಮ್ಮಲ್ಲಿ ಉತ್ತರವಿಲ್ಲ.

ಆದರೆ ಆ ವಿಡಿಯೋ ಉಳಿಯಿತು. ತಾಯಿ ಬಿಡಲಿಲ್ಲ, ಹೈಕೋರ್ಟಿಗೆ ಹೋದರು. 2024ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ ತನಿಖೆಯನ್ನು ದೆಹಲಿ ಪೊಲೀಸರ ಕೈಯಿಂದ ತೆಗೆದು ಸಿಬಿಐಗೆ ಒಪ್ಪಿಸಿತು. ನಾಲ್ಕು ವರ್ಷ ಹಿಡಿಯಿತು. ಅದೇ 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೊದಲ ಪ್ರಕಟಣೆ ಅದನ್ನು ವೈದ್ಯಕೀಯ ಘಟನೆ ಎಂಬಂತೆ ಹೇಳಿತ್ತು. ದಾರಿಯಲ್ಲಿ ನಿಂತಿದ್ದ 17 ವರ್ಷದ ಹುಡುಗಿಯ ಮೊಬೈಲ್ ವಿಡಿಯೋ ಅದನ್ನು ಸುಳ್ಳು ಮಾಡಿತು. ಮುಂದಿನ ವರ್ಷ ಆ ಪೊಲೀಸ್ ಅಧಿಕಾರಿ ಕೊಲೆಗಾರನೆಂದು ತೀರ್ಪಾಯಿತು.

ಇನ್ನೂ ಹಿಂದಕ್ಕೆ ಹೋದರೆ ಎನ್‌ಸಿಆರ್‌ನ ಭಾಗವೇ ಆದ ಮೀರತ್. 1987ರ ಮೇ 22ರಂದು ಹಾಶಿಂಪುರದಿಂದ ಪಿಎಸಿ ಪಡೆ ಲಾರಿಯಲ್ಲಿ ತುಂಬಿಕೊಂಡು ಹೋದ ಸುಮಾರು 40 ಮುಸ್ಲಿಂ ಗಂಡಸರು, ಹುಡುಗರು ಕಾಲುವೆಗಳ ಬಳಿ ಗುಂಡಿಗೆ ಬಲಿಯಾದರು. 2015ರಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟುಬಿಟ್ಟಿತು, ಇವರೇ ಅವರು ಎಂದು ಗುರುತು ಸಾಬೀತಾಗಲಿಲ್ಲ ಎಂಬ ಕಾರಣಕ್ಕೆ. 2018ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ 16 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿ ತೂಕ ಪಡೆದ ಸಾಕ್ಷ್ಯಗಳಲ್ಲಿ ಒಂದು ಆ ಪಿಎಸಿ ತುಕಡಿಯದ್ದೇ ಡೈರಿ. ಯಾರು ಯಾವ ಲಾರಿಯಲ್ಲಿ ಹೊರಟರು ಎಂದು ಯಾವನೋ ಗುಮಾಸ್ತ ನಿತ್ಯದ ಕೆಲಸವೆಂದು ಬರೆದಿಟ್ಟಿದ್ದ. 31 ವರ್ಷದ ಮೇಲೆ ಆ ಬರಹ ಮಾತಾಡಿತು.

ಹಾಗಾಗಿ ಎಚ್ಚರಿಕೆಯನ್ನು ಒಬ್ಬೊಬ್ಬರ ಜಾಣತನ ಎಂದು ತಿಳಿಯಬೇಡಿ. ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಅದು ಎಲ್ಲಿ ಕೆಲಸ ಮಾಡುತ್ತಿದೆ, ಎಲ್ಲಿ ಇಲ್ಲ ಎಂದು ಕೇಳುವುದು ನಮ್ಮ ಕೆಲಸ. ಪೊಲೀಸ್ ಇಲಾಖೆಗೆ ನಮ್ಮ ಮಕ್ಕಳೂ ಪರೀಕ್ಷೆ ಬರೆಯಬೇಕು, ಕಾನೂನು ಓದಬೇಕು. ತಾಯಿ ಮಗನಿಗೆ ದನಿ ತಗ್ಗಿಸಿ ಹೇಳುವ ಮಾತು ಒಂದು ದಿನ ಬೇಡವಾಗಬೇಕು ಅನ್ನುವುದೇ ಗುರಿ.

ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿವರ್ಯರ ಬೋಧನೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇನ್ನೊಂದು ವಿಷಯ ಅಷ್ಟು ನೆನಪಿನಲ್ಲಿರುವುದಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ಸೂರಃ ಬಕರದ 282ನೆಯದು. ಅದು ಇರುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳನ್ನು ಇಟ್ಟುಕೊಳ್ಳುವ ಬಗ್ಗೆ. ಹಣದ ವಿಷಯಕ್ಕೇ ಅಷ್ಟು ಎಚ್ಚರ ಹೇಳಿದ ಧರ್ಮದವರು ನಾವು. ಜೀವದ ವಿಷಯಕ್ಕೆ ಎಷ್ಟು ಬೇಕು?

ಇವತ್ತು ರಾತ್ರಿ ಮಲಗುವ ಮುನ್ನ ಎರಡು ಕೆಲಸ ಮಾಡಿ. ಮನೆಯವರದ್ದೊಂದು, ದೆಹಲಿಯಲ್ಲಿರುವ ನಂಬಿಕಸ್ಥರದ್ದೊಂದು ಫೋನ್ ನಂಬರನ್ನು ಬಾಯಿಪಾಠ ಮಾಡಿ, ಮೊಬೈಲು ಮೊದಲು ಹೋಗುವುದು ನಿಮ್ಮ ಕೈಯಿಂದಲೇ. ನಿಮ್ಮ ರೂಮಿನ ವಿಳಾಸ, ಹತ್ತಿರದ ಠಾಣೆಯ ಹೆಸರು, ರೂಮ್‌ಮೇಟ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಊರಿಗೆ ಕಳಿಸಿ. ಕಲಬುರಗಿಯ ಆ ಮನೆಯಲ್ಲಿ 43 ದಿನ ಇಲ್ಲದೇ ಹೋದದ್ದು ಇಂಥ ಒಂದು ಸುಳಿವೇ.